ಷರಾ ಕಾಲಂ

ಜಿಲ್ಲಾ ಕಚೇರಿಯಿಂದ ಬಂದ ಫಾರಂ ಇದು.
ಒಂದು ಮಗುವಿಗೆ ಒಂದು ಹಾಳೆ,
ಹದಿನೆಂಟು ಮಕ್ಕಳಿಗೆ ಹದಿನೆಂಟು.
ನಗು, ಅಳು, ಸಿಟ್ಟು, ಹೆದರಿಕೆ,
ಒಂದೊಂದರ ಮುಂದೆ ಐದೈದು ಚೌಕ.
ಕೆಳಗೆ: ಮಗು ಗುಂಪಿನಲ್ಲಿ ಹೊಂದಿಕೊಂಡಿದೆಯೇ?
ಹೌದು. ಇಲ್ಲ. ಸ್ವಲ್ಪಮಟ್ಟಿಗೆ.
ಅದರ ಕೆಳಗೆ, ಹೆಬ್ಬೆರಳಷ್ಟು ಅಗಲ, ಷರಾ.

ಗೋಬಿಯ ಅಂಚಿನ ಈ ಹಾಸ್ಟೆಲಿನಲ್ಲಿ
ನನಗಿದು ಹನ್ನೊಂದನೇ ಚಳಿಗಾಲ.
ಒಲೆಗೆ ಬೆರಣಿ ತುಂಬಿ, ಮಸಿ ಕರಗಲೆಂದು
ಪೆನ್ನನ್ನು ಕಂಕುಳಲ್ಲಿಟ್ಟುಕೊಂಡು ಕೂತಿದ್ದೇನೆ.

ಮಿಶೀಲಳದು ಸುಲಭ.
ಹೆಸರಿನ ಅರ್ಥವೇ ಮುಗುಳ್ನಗೆ,
ಅವಳೋ ಅಷ್ಟಕ್ಕೆ ನಿಲ್ಲಿಸುವವಳಲ್ಲ.
ಸೆಪ್ಟೆಂಬರಿನ ಮೊದಲ ವಾರಕ್ಕೇ
ಇಡೀ ಕೋಣೆ ಅವಳ ಬೆನ್ನಿಗೆ,
ಮುಂದಾಳು ಮೇಕೆಯ ಹಿಂದೆ ಹಿಂಡು ಬಿದ್ದ ಹಾಗೆ.
ನಗು: ಐದು. ಹೊಂದಿಕೆ: ಹೌದು.
ಬರೆಯಲು ಜಾಗವಿಲ್ಲದ್ದು ಇಷ್ಟು:
ಬೆಳಗ್ಗೆ ಎಲ್ಲರಿಗಿಂತ ಮೊದಲೆದ್ದು
ಒದ್ದೆ ಚಾದರವನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿ
ದಿಂಬಿನಡಿ ತುರುಕುತ್ತಾಳೆ,
ಆಮೇಲೆ ನಗಲು ಶುರು.
ನಾನು ಬದಲಿಸಿಡುತ್ತೇನೆ, ಕಂಡೂ ಕಾಣದಂತೆ.
ನಾವಿಬ್ಬರೂ ಈವರೆಗೆ ಅದರ ಮಾತೆತ್ತಿಲ್ಲ.

ದಗ್ವಾ ಕಚ್ಚುತ್ತಾನೆ.
ಪೆನ್ಸಿಲ್ ಕಸಿದರೆ ಕಚ್ಚು, ಆಟಕ್ಕೆ ಕರೆಯದಿದ್ದರೆ ಕಚ್ಚು,
ಕರೆದರೂ ಒಮ್ಮೊಮ್ಮೆ, ಖುಷಿ ತಡೆಯಲಾರದೆ.
ಮುಂದಿನ ಎರಡು ಹಾಲುಹಲ್ಲು ಬಿದ್ದ ಮೇಲೆ
ಗೆಳೆಯರು ಹೆಚ್ಚಾದರು.
ಇದು ಯಾವ ಚೌಕಕ್ಕೆ ಸೇರಬೇಕು?

ಕಷ್ಟ ಯೊಂದೊನನದು.
ಅಪ್ಪನ ಮೋಟಾರುಸೈಕಲ್ಲಿನ ಟ್ಯಾಂಕಿನ ಮೇಲೆ ಕೂತು
ನೂರಿಪ್ಪತ್ತು ಕಿಲೋಮೀಟರ್ ಬಂದ. ಇಳಿದ.
ಅಪ್ಪ ಅವನ ನೆತ್ತಿ ಮೂಸಿದ, ಗಾಡಿ ತಿರುಗಿಸಿದ.
ಧೂಳು ಕಣ್ಣಳತೆ ದಾಟುವವರೆಗೆ ಹುಡುಗ ನಿಂತೇ ಇದ್ದ.
ಅಳಲಿಲ್ಲ.
ಆಮೇಲೂ ಅಳಲಿಲ್ಲ, ನಗಲಿಲ್ಲ.
ಮೊಣಕಾಲು ಒಡೆದಾಗ ರಕ್ತವನ್ನು
ಬೇರೆ ಯಾರದೋ ಎಂಬಂತೆ ನೋಡಿದ.
ಮಕ್ಕಳು ಚಿವುಟಿ ನೋಡಿದರು, ಕಚಗುಳಿ ಇಟ್ಟರು,
ಕೊನೆಗೆ ಬೇಸತ್ತು, ಅಡ್ಡವಿರುವ ಬೆಂಚನ್ನು ಬಳಸಿ ಹೋಗುವಂತೆ
ಅವನನ್ನು ಬಳಸಿ ಓಡಾಡತೊಡಗಿದರು.
ಮುಖವೊಂದು ಏನೂ ಹೇಳದಿದ್ದರೆ
ಆರು ವರ್ಷದವರು ಎಷ್ಟು ಹೊತ್ತು ಕಾಯ್ದಾರು?
ನಾನಾದರೂ ಎಷ್ಟು ಕಾದೆ?
ಎಲ್ಲಕ್ಕೂ ಒಂದು. ಹೊಂದಿಕೆ: ಇಲ್ಲ.
ಅಕ್ಟೋಬರಿನಲ್ಲಿ ಬರೆದದ್ದು, ಮಸಿಯಲ್ಲಿ.

ಮೊನ್ನೆ ಬಿರುಗಾಳಿಗೆ ಕರೆಂಟು ಹೋಯಿತು.
ಎಲ್ಲರಿಗಿಂತ ಸಣ್ಣವಳು ಸರ್ನೈ,
ಅಮ್ಮಾ ಎಂದು ಎಳೆ ಹಿಡಿದಳು.
ಕತ್ತಲಲ್ಲಿ ಅಳು ಅಂಟುರೋಗ,
ಹಾಸಿಗೆಯಿಂದ ಹಾಸಿಗೆಗೆ ಹತ್ತಿತು.
ಮಿಶೀಲಳೂ ಅತ್ತಳು, ಮೊದಲ ಸಲ, ಜೋರಾಗಿ.
ನಾನು ಟಾರ್ಚಿಗೆ ತಡಕಾಡುತ್ತಿದ್ದೆ.
ಆಗ ಯಾರೋ ಶುರು ಮಾಡಿದರು:
ತೋಯ್ಗ್, ತೋಯ್ಗ್, ತೋಯ್ಗ್...

ಹೆತ್ತ ಮರಿಯನ್ನೇ ಒದ್ದು ದೂಡುವ ಕುರಿಯ
ಪಕ್ಕ ಕುಕ್ಕರಗಾಲಲ್ಲಿ ಕೂತು
ಅದರ ಮನಸ್ಸು ತಿರುಗುವವರೆಗೆ
ನಮ್ಮ ಹೆಂಗಸರು ಹಾಡುವುದು ಅದು.
ಆ ಮಾತಿಗೆ ಅರ್ಥವಿಲ್ಲ. ಕುರಿಗೆ ಗೊತ್ತು.

ಟಾರ್ಚು ಸಿಕ್ಕಿತು. ಯೊಂದೊನ್,
ಸರ್ನೈಯ ಹಾಸಿಗೆಯ ಅಂಚಿನಲ್ಲಿ.
ಮುಖ ಅದೇ ಹಲಗೆ. ಗಂಟಲಿಗೆ ಮಾತ್ರ
ಅವನ ಅಜ್ಜಿಯದೋ ಅಮ್ಮನದೋ ವಯಸ್ಸು.
ಬಿಕ್ಕುತ್ತಲೇ ಅವಳು ಕೇಳಿದಳು:
"ನಾನೇನು ಕುರಿಯಾ?"
"ಅಲ್ಲ. ನೀನು ಮರಿ," ಅಂದ.
"ಕುರಿ ಇದು."
ಗೋಡೆಯನ್ನು ಅಂಗೈಯಿಂದ ತಟ್ಟಿದ, ಎರಡು ಸಲ,
ಮತ್ತೆ ಹಾಡಿದ, ಗೋಡೆಗೆ.

ಬೆಳಗ್ಗೆ ಗಂಜಿಯ ಹೊತ್ತಿಗೆ
ದಗ್ವಾ ಬಂದು ಅವನ ತೋಳು ಕಚ್ಚಿದ,
ಹಲ್ಲಿಲ್ಲದ ಬಾಯಿಂದ, ಖುಷಿಗೆ.
ಇವನು ತೋಳು ನೋಡಿಕೊಂಡ.
ಇನ್ನೊಂದನ್ನೂ ಚಾಚಿದ.

ಮಸಿ ಅಳಿಸಲು ಬಾರದು.
ಷರಾ ಕಾಲಮ್ಮಿನಲ್ಲಿ ಗೋಡೆ ಹಿಡಿಸದು.
ಲಾರಿ ನಾಳೆ ಬರುತ್ತದೆ, ಹಿಟ್ಟು ಇಳಿಸಿ ಹಾಳೆ ಒಯ್ಯಲು.
ಹದಿನೇಳು ಕೊಟ್ಟು ಕಳಿಸುತ್ತೇನೆ.
ಎಣಿಸುವವರು ಎಣಿಸಿಕೊಳ್ಳಲಿ.